ಬೆನ್ನ ಮೇಲಿನ ಸೀಮೆಸುಣ್ಣ

"ಊಟ ಬಿಟ್ಟು ಕುಡಿಯೋಕೆ ಹೊರಟಿದೀಯಲ್ಲ, ತಲೇಲಿ ಮಿದುಳಿದೆಯಾ, ಗ್ರೀಸಿದೆಯಾ?"

ಕಡುನೀಲಿ ಹೊಸ ಅಂಗಿ ತೊಟ್ಟು ಟೇಲರ್ ಅಂಗಡಿಯ ಕನ್ನಡಿ ಮುಂದೆ ನಿಂತಿದ್ದ ಲಾರಿ ಮೆಕ್ಯಾನಿಕ್ ಮೇಲೆ ಅವನ ಅಕ್ಕ ಹರಿಹಾಯ್ದಳು. ಟೇಲರಮ್ಮ ಮಷೀನು ನಿಲ್ಲಿಸಿ ಕಿವಿ ನಿಮಿರಿಸಿದಳು.

"ನಮ್ಮ ಮೇಸ್ತ್ರಿ ರಿಟೈರ್ ಆಗೋ ಪಾರ್ಟಿ ಅಕ್ಕಾ! ಎರಡು ಪೆಗ್ ಹಾಕ್ಲೇಬೇಕು. ಅದಕ್ಕೇ ಊಟ ಬಿಟ್ಟೆ. ಶುಗರ್ ಏರಲ್ಲ, ಲೆಕ್ಕ ಸರಿಹೋಯ್ತು."

"ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ! ಇನ್ಸುಲಿನ್ ಚುಚ್ಕೊಂಡು ಖಾಲಿ ಹೊಟ್ಟೇಲಿ ಕುಡಿದ್ರೆ ಶುಗರ್ ಪಾತಾಳಕ್ಕಿಳಿಯುತ್ತೆ ಅಂತ ಡಾಕ್ಟ್ರು ಬಡ್ಕೊಂಡಿಲ್ವಾ? ಹೋದ ಸಲ ತೂರಾಡಿದಾಗ ಏನಾಯ್ತು?"

"ಎಲ್ಲರೂ ನಕ್ಕರು."

"ಹೂಂ, ಕುಡಿದದ್ದು ಜಾಸ್ತಿಯಾಯ್ತು ಅಂತ ನಕ್ಕರು. ಒಬ್ಬನಾದ್ರೂ ಒಂದು ಲೋಟ ಸಕ್ಕರೆ ನೀರು ಕೊಟ್ಟನಾ? ನಾನು ಬರದಿದ್ರೆ ಇವತ್ತು ಈ ಅಂಗಿ ಯಾರಿಗೆ ಹೊಲಿಸ್ತಿದ್ದೆ? ತಿರುಗು, ಬೆನ್ನಿನ ಹೊಲಿಗೆ ನೋಡ್ತೀನಿ."

ಅವನು ತಿರುಗಿದ. ಅಕ್ಕ ಮೇಜಿನ ಮೇಲಿದ್ದ ಗುರುತಿನ ಸೀಮೆಸುಣ್ಣ ಎತ್ತಿಕೊಂಡು ಅವನ ಬೆನ್ನ ಮೇಲೆ ಸರಸರನೆ ಎಳೆದಳು. ಟೇಲರಮ್ಮ ತುಟಿ ಕಚ್ಚಿ ನಗು ತಡೆದಳು.

"ಗುರುತು ಹಾಕಿದ್ದು ಸಾಕು! ಮೊದಲು ಊಟ, ಆಮೇಲೆ ಪೆಗ್, ಆಯ್ತಾ? ಇನ್ನು ಪ್ರಾಣ ತಿನ್ಬೇಡ!"

ಮೆಕ್ಯಾನಿಕ್ ಬಿರಬಿರನೆ ಹೊರಟುಹೋದ. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಬೀದಿಯ ತಿರುವಿನವರೆಗೂ ಅವನ ಬೆನ್ನ ಮೇಲಿನ ಬಿಳಿ ಅಕ್ಷರಗಳು ಟೇಲರಮ್ಮನಿಗೆ ಕಾಣುತ್ತಿದ್ದವು: "ತೂರಾಡಿದರೆ ನಗಬೇಡಿ. ಶುಗರ್ ಇದೆ, ಸಕ್ಕರೆ ಕೊಡಿ."