ಓಕಿ ಭಾವನ ತೊಡೆಗೆ ಹೊಕ್ಕ ಕಾಲುಮುಳ್ಳಿನ ಬಗ್ಗೆ

ನನ್ನ ಹೆಸರು ಡೆನ್ವರ್ ರೆಕ್ಸ್‌ರೋಡ್. ತಂದೆ ದಿವಂಗತ ಹೋಮರ್ ರೆಕ್ಸ್‌ರೋಡ್. ವಯಸ್ಸು ಐವತ್ನಾಲ್ಕು. ಕರೆಂಟ್ ತಂತಿಗೆ ತಾಗುವ ಮರಗಳ ಕೊಂಬೆ ಕಡಿಯುವುದು ಕೆಲಸ. ಓದು ಎಂಟನೇ ಕ್ಲಾಸು, ಅದನ್ನು ಎರಡು ಸಲ ಓದಿದ್ದೇನೆ. ವಾಸ ಲಾರೆಲ್ ಫೋರ್ಕ್ ರಸ್ತೆ, ಬರ್ಡೆಟ್ ಕೌಂಟಿ, ವೆಸ್ಟ್ ವರ್ಜೀನಿಯಾ. ಈ ದಿನ ಆಸ್ಪತ್ರೆಯಲ್ಲಿ, ರೋಗಿಗಳ ಕಡೆಯವರು ಕೂರುವ ಕೋಣೆಯಲ್ಲಿ, ಕೌಂಟಿ ಪೊಲೀಸರ ಮುಖ್ಯಸ್ಥರಾದ ಷೆರಿಫ್ ಅವರ ಕಚೇರಿಯ ಡೆಪ್ಯುಟಿ ಕೋಗರ್ ಅವರ ಎದುರು ಕೂತು ನಾನು ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಹೆಂಡತಿ ರೀವಾಳ ಅಣ್ಣ ಓಕಿ ಕಿಂಬಲ್, ವಯಸ್ಸು ಅರವತ್ತೊಂದು, ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದವರು, ಸದ್ಯ ಇದೇ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿದ್ದಾರೆ. ಅವರ ಎಡ ತೊಡೆಯ ಒಳಬದಿಯಲ್ಲಿ ಎರಡೂವರೆ ಇಂಚು ಆಳದ ಗಾಯವಿದೆ. ಅದು ಚುಚ್ಚಿದ ಗಾಯವೆಂದು ಡಾಕ್ಟರು ಪೊಲೀಸರಿಗೆ ತಿಳಿಸಿದ್ದಾರೆ. ಇದಾದದ್ದು ಭಾವನ ಕಾಡಿನ ಕಣಿವೆಯಲ್ಲಿ; ಅದರ ಆಚೆ ಬದಿಯಲ್ಲಿ ಬೇಟೆಗೆ ಕೂತಿದ್ದ ಎಲ್ವಿನ್ ಹೈವ್ಲಿ ಅವರು, ನಾನು ಭಾವನಿಗೆ ಬಹಳ ಹೊತ್ತು ಕೂಗಿ ಬೈದದ್ದನ್ನು ಕೇಳಿಸಿಕೊಂಡಿದ್ದಾರೆ. ಭಾವನಿಗೆ ಎಚ್ಚರವಿಲ್ಲ. ಹೀಗಾಗಿ ಕಾಡಿನಲ್ಲಿ ಏನಾಯಿತೆಂದು ಹೇಳಲು ನಾನೊಬ್ಬನೇ ಇದ್ದೇನೆ. ನೀನೇ ಚುಚ್ಚಿದೆಯಾ ಎಂದು ಡೆಪ್ಯುಟಿಯವರು ಕೇಳಿದರು. ನಾನು ಚುಚ್ಚಿಲ್ಲ. ಚುಚ್ಚಿದ್ದು ನನ್ನ ಕಾಲುಮುಳ್ಳು. ಆಗ ಅದು ಅವರ ಕಾಲಲ್ಲೇ ಇತ್ತು.

ಕಾಲುಮುಳ್ಳು ಎಂದರೆ ಬೂಟಿಗೆ ಪಟ್ಟಿ ಬಿಗಿದು ಕಟ್ಟುವ ಕಬ್ಬಿಣ. ಪಾದದ ಒಳಬದಿಗೆ ಒಂದು ಮೊನೆ ಇರುತ್ತದೆ. ಅದನ್ನು ಮರಕ್ಕೆ ಒದ್ದು, ಅದರ ಮೇಲೆ ನಿಂತು, ಇನ್ನೊಂದನ್ನು ಒದ್ದು ಮೇಲೇರುವುದು. ನನಗೆ ಹೊಟ್ಟೆಪಾಡಿಗೂ ಅದೇ, ಜಿಂಕೆ ಬೇಟೆಗೂ ಅದೇ. ಬೇರೆಯವರು ಏಣಿ ಹೊತ್ತು ಸಾಯುತ್ತಾರೆ. ಅವರಿಗಿಂತ ಮೊದಲು ನಾನು ಮರದ ಮೇಲೆ ಕೂತು ಪೆಪರೋನಿ ರೋಲ್ ತಿನ್ನುತ್ತಿರುತ್ತೇನೆ.

ಮೊನ್ನೆ ಶನಿವಾರ ಸಂಜೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಭಾವ ಸಿಕ್ಕರು. ಏಳೆಂಟು ಜನರ ಎದುರಿಗೆ, "ಲೋ ಡೆನ್ವರ್, ನನ್ನ ಕಣಿವೆಗೆ ಬೇಟೆಗೆ ಬಾ, ಬೇಡ ಅನ್ನಲ್ಲ. ಆದ್ರೆ ಆ ದೊಡ್ಡ ಪಾಪ್ಲರ್ ಮರಕ್ಕೆ ಮುಳ್ಳು ಹಾಕ್ಬೇಡ. ಸಾಮಿಲ್‌ನವರು ನೋಡ್ಕೊಂಡು ಹೋಗಿದ್ದಾರೆ. ತೂತು ಬಿದ್ರೆ ನೀರಿಳಿದು ಒಳಗೇ ಕೊಳೀತದೆ" ಎಂದರು. ಅದಕ್ಕೆ ನಾನು, "ಮರಕ್ಕೆ ಬೇಡ ಅಂದ್ರೆ ನಿಮಗೇ ಹಾಕ್ತೀನಿ ಬಿಡಿ ಭಾವ" ಎಂದೆ. ಎಲ್ಲರೂ ನಕ್ಕರು, ಭಾವನೂ ನಕ್ಕರು. ನಾನು ಆ ಮಾತು ಆಡಿದ್ದು ನಿಜ. ತಮಾಷೆಗೆ ಆಡಿದ್ದೂ ನಿಜ. ಎರಡನ್ನೂ ಬರೆದುಕೊಳ್ಳಿ ಎಂದು ಕೇಳಿದ್ದಕ್ಕೆ ಬರೆದುಕೊಂಡಿದ್ದಾರೆ.

ಈ ದಿನ, ಸೋಮವಾರ, ಗಂಡು ಜಿಂಕೆ ಬೇಟೆಯ ಮೊದಲ ದಿನ, ಬೆಳಗ್ಗೆ ಆರು ಗಂಟೆಗೆ ಮುಂಚೆಯೇ ಕಣಿವೆ ಸೇರಿದೆ. ಅವರು ಬೇಡವೆಂದ ಮರವನ್ನೇ ಹತ್ತಿದೆ. ಕೆಳಗಿನಿಂದ ಕೊಂಬೆಯಿಲ್ಲದೆ ನೆಟ್ಟಗೆ ಹೋದ ಮರ ಅಲ್ಲಿ ಬೇರೆ ಇಲ್ಲ. ಈ ವಿಷಯದಲ್ಲಿ ತಪ್ಪು ಪೂರ್ತಿ ನನ್ನದು. ಇಪ್ಪತ್ತೆರಡು ಅಡಿ ಎತ್ತರದಲ್ಲಿ ಸೊಂಟದ ಪಟ್ಟಿಯನ್ನು ಮರಕ್ಕೆ ಸುತ್ತಿ, ಸಣ್ಣ ಸೀಟು ಕಟ್ಟಿ ಕೂತೆ. ಗುಂಡು ತೆಗೆದಿಟ್ಟ ಬಂದೂಕನ್ನು ಹಗ್ಗದಿಂದ ಮೇಲೆಳೆದುಕೊಂಡೆ. ಮುಳ್ಳು ಕಟ್ಟಿಕೊಂಡು ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದೆ. ಅದಕ್ಕೆ ಎರಡನ್ನೂ ಬಿಚ್ಚಿ ಪಕ್ಕದ ಒಣಕೊಂಬೆಯ ಮೋಟಿಗೆ ತಗುಲಿಹಾಕಿದೆ. ಕೆಲಸದಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ಬೈಯುತ್ತೇನೆ.

ಎಂಟು ಗಂಟೆ ಹೊತ್ತಿಗೆ ಮೇಲಿನ ದಿಬ್ಬದಲ್ಲಿ ಒಂದು ಗುಂಡಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಲಾರೆಲ್ ಪೊದೆಗಳ ಹಿಂದೆ ಒಂದು ಗಂಡು ಜಿಂಕೆ ಬಂದು ನಿಂತಿತು. ಕೊಂಬಿನಲ್ಲಿ ಹತ್ತು ಕವಲು. ಮರದಿಂದ ಅರವತ್ತು ಗಜ. ಹೊಡೆದೆ. ಬಿತ್ತು. ಖುಷಿಗೆ ನಾನು ಸೀಟಿನಲ್ಲೇ ಕುಣಿದೆ. ಮೊಣಕೈ ತಗುಲಿ ಎರಡೂ ಮುಳ್ಳು ಕೆಳಗೆ ಬಿದ್ದವು.

ಮರದ ಕಾಂಡ ತಬ್ಬಿದರೆ ಕೈಗೆ ಕೈ ಸಿಗುವುದಿಲ್ಲ. ನನ್ನ ತೂಕ ಇನ್ನೂರ ಹತ್ತು ಪೌಂಡು. ಇದ್ದ ಹಗ್ಗ ಬಂದೂಕಿನ ಭಾರಕ್ಕೆ ಸಾಕು, ನನಗಲ್ಲ. ಫೋನು ಟ್ರಕ್ಕಿನಲ್ಲಿತ್ತು, ಆ ಕಣಿವೆಯಲ್ಲಿ ಅದಕ್ಕೆ ಸಿಗ್ನಲ್ಲೂ ಇಲ್ಲ. ಯಾರಾದರೂ ಬರಲಿ ಎಂದು ಕೂತೆ. ಬಂದವರು ಓಕಿ ಭಾವ.

ಅವರು ಮೊದಲು ಪೊದೆಯ ಹಿಂದೆ ಜಿಂಕೆಯನ್ನು ನೋಡಿದರು. ಆಮೇಲೆ ಮರದ ಬುಡಕ್ಕೆ ಬಂದು ಮುಳ್ಳಿನ ತೂತುಗಳನ್ನು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, "ಏನ್ ಮಾಡ್ತಿದ್ದೀಯೋ ಅಲ್ಲಿ?" ಎಂದು ಕೇಳಿದರು.

"ಮೊಟ್ಟೆಗೆ ಕಾವು ಕೊಡ್ತಿದ್ದೀನಿ. ಆ ಮುಳ್ಳು ಎರಡನ್ನೂ ಈ ಹಗ್ಗಕ್ಕೆ ಕಟ್ಟಿ ಭಾವ, ನಿಮಗೆ ಪುಣ್ಯ ಬರ್ತದೆ" ಎಂದೆ.

"ಕಟ್ತೀನಂತೆ. ಅಲ್ಲಿ ಬಿದ್ದಿರೋ ಜಿಂಕೆ ನಂದು. ದಿಬ್ಬದಿಂದ ನಾನ್ ಹೊಡ್ದೆ, ಓಡಿ ಬಂದು ಇಲ್ಲಿ ಬಿತ್ತು. ಹೌದು ಅನ್ನು, ಕಟ್ತೀನಿ" ಎಂದರು.

"ಓಡಿ ಬಂದಿಲ್ಲ, ನಡ್ಕೊಂಡು ಬಂತು. ನಿಮ್ಮ ಗುಂಡು ನೋಡಿ ನಗಾಡ್ಕೊಂಡು ಬಂತು. ಇಲ್ಲಿವರೆಗೆ ನಿಮ್ಮಿಂದ ಸತ್ತಿರೋದು ಬಸ್ಸಿನ ಎರಡು ಕನ್ನಡಿ, ಅಷ್ಟೇ" ಎಂದೆ.

ಗುಂಡಿನ ಗಾಯ ಒಂದೇ ಇದೆ, ಅದು ತಮ್ಮದೇ ಎಂದು ಅವರು ಹೇಳಿದರು. ಮೇಲಿನಿಂದ ಹೊಡೆದರೆ ಗಾಯ ಮೇಲಿನಿಂದ ಕೆಳಕ್ಕೆ ಇರುತ್ತದೆ, ನೋಡಿ ಎಂದು ನಾನು ಹೇಳಿದೆ. ದಿಬ್ಬವೂ ಮೇಲೇ ಇರುವುದು, ನಿನ್ನ ಮರವೊಂದೇ ಅಲ್ಲ ಎಂದರು. ಆ ಮಾತಿನಲ್ಲಿ ಅವರ ತಪ್ಪಿಲ್ಲ. ಆಮೇಲೆ ಪೊದೆಯ ಕಡೆ ಕೈ ತೋರಿಸಿ, "ಇಷ್ಟು ದಟ್ಟ ಪೊದೆ ಅಡ್ಡ ಇದೆ. ಜಿಂಕೆ ಹೆಂಗೋ ಕಂಡಿತು ನಿಂಗೆ? ಬರೀ ಸುಳ್ಳು" ಎಂದರು.

ಅದಕ್ಕೆ ನಾನು, "ಹತ್ತಿ ಬಂದು ನೋಡಿ" ಎಂದೆ.

ಈ ಮಾತನ್ನು ನಾನು ಆಡಬಾರದಿತ್ತು. ಅವರು ಹತ್ತುತ್ತಾರೆಂದು ಅಂದುಕೊಂಡಿರಲಿಲ್ಲ. ಅವರು ಕೂತು ನನ್ನ ಮುಳ್ಳುಗಳನ್ನು ತಮ್ಮ ಬೂಟಿಗೆ ಕಟ್ಟಿಕೊಂಡರು. ಬೇಡ ಭಾವ, ಸೊಂಟಕ್ಕೆ ಪಟ್ಟಿ ಇಲ್ಲ, ನಿಮ್ಮ ವಯಸ್ಸಿಗೆ ಇದೆಲ್ಲ ಆಗುವುದಿಲ್ಲ ಎಂದೆ. ವಯಸ್ಸಿನ ಮಾತು ಎತ್ತಿದ ಮೇಲೆ ಅವರು ನಿಲ್ಲಲಿಲ್ಲ.

ಹೊಸಬರು ಮಾಡುವ ತಪ್ಪನ್ನೇ ಅವರೂ ಮಾಡಿದರು. ಹೆದರಿಕೆಗೆ ಮರವನ್ನು ತಬ್ಬಿಕೊಂಡರು. ತಬ್ಬಿದರೆ ಮಂಡಿ ಮರಕ್ಕೆ ತಾಗಿ ಮೊನೆ ಸಡಿಲವಾಗುತ್ತದೆ. ಹಿಂದಕ್ಕೆ ವಾಲಿದರೆ ಮಾತ್ರ ಅದು ಮರವನ್ನು ಕಚ್ಚುತ್ತದೆ. "ತಬ್ಕೋಬೇಡಿ, ಅದು ನಿಮ್ಮ ಹೆಂಡ್ತಿ ಅಲ್ಲ. ಹಿಂದಕ್ಕೆ ವಾಲಿ, ಮಂಡಿ ಹೊರಗಿಡಿ" ಎಂದು ಹೇಳುತ್ತಲೇ ಇದ್ದೆ. ಸುಮಾರು ಹತ್ತು ಅಡಿ ಬಂದರು. ಅಲ್ಲಿ ನಿಂತು ಕತ್ತು ತಿರುಗಿಸಿ ಪೊದೆಯ ಕಡೆ ನೋಡಿದರು. "ಹ್ಞಾಂ" ಎಂದರು. ಮುಂದೇನೋ ಹೇಳುವುದಕ್ಕಿತ್ತು. ಅಷ್ಟರಲ್ಲಿ ಬಲಗಾಲಿನ ಮೊನೆ ಕಿತ್ತು ಬಂತು. ಕಾಲು ಸುತ್ತಿಕೊಂಡು ಕೆಳಗೆ ಬಿದ್ದರು. ಬಲಗಾಲಿನ ಮುಳ್ಳು ಎಡ ತೊಡೆಗೆ ಹೊಕ್ಕಿತು. ಡಾಕ್ಟರು ನೋಡಿದ ಗಾಯ ಇದೇ.

ಮುಳ್ಳು ಈಚೆ ಬಂದಾಗ ರಕ್ತ ಚಿಮ್ಮಿತು. ಎಲೆ ಉದುರಿದ ಕಾಡು, ಮೇಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ನನ್ನ ಪ್ಯಾಂಟಿನ ಬೆಲ್ಟು ಬಿಚ್ಚಿ ಹಗ್ಗಕ್ಕೆ ಕಟ್ಟಿ ಕೆಳಗಿಳಿಸಿದೆ. ಗಾಯದ ಮೇಲ್ಗಡೆ ಸುತ್ತಿ, ಕೂಗು ಬರುವವರೆಗೆ ಬಿಗಿಯಿರಿ ಎಂದು ಹೇಳಿದೆ. ಅವರು ಬಿಗಿದರು, ಕೂಗಿದರು. ಅವರ ತೊಡೆಯ ಮೇಲೆ ಸಿಕ್ಕಿದ ಬೆಲ್ಟಿನ ಬಗ್ಗೆ ಡೆಪ್ಯುಟಿಯವರು ಕೇಳಿದರು. ಅದು ಹೀಗೆ ಹೋದದ್ದು.

ಇನ್ನು ನಾನು ಇಳಿಯಬೇಕಾದರೆ ಆ ಮುಳ್ಳುಗಳು ಮೇಲೆ ಬರಬೇಕಿತ್ತು. ಒಂದೊಂದಕ್ಕೂ ಎರಡೆರಡು ಪಟ್ಟಿ. ಮೊದಲ ಪಟ್ಟಿ ಬಿಚ್ಚುವ ಮುಂಚೆಯೇ ಅವರು ಮರಕ್ಕೆ ಒರಗಿ, "ಸ್ವಲ್ಪ ಹೊತ್ತು ಮಲಗ್ತೀನಿ ಡೆನ್ವರ್" ಎಂದರು. ಧ್ವನಿ ತೆಳ್ಳಗಾಗಿತ್ತು. ಮಲಗಿದರೆ ಏಳುವುದಿಲ್ಲವೆಂದು ನನಗೆ ಗೊತ್ತಾಯಿತು. ಭಾವನನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ. ಸಮಾಧಾನ ಹೇಳಿದರೆ ಅವರಿಗೆ ನಿದ್ದೆ ಬರುತ್ತದೆ. ಕೋಪ ಬಂದರೆ ಎಚ್ಚರವಾಗಿರುತ್ತಾರೆ. ಹಾಗಾಗಿ ಮರ್ಯಾದೆಯನ್ನೆಲ್ಲ ಬದಿಗಿಟ್ಟು ಬೈಯಲು ಶುರುಮಾಡಿದೆ.

ಹೈವ್ಲಿಯವರು ಕೇಳಿಸಿಕೊಂಡ ಮಾತುಗಳನ್ನು ಡೆಪ್ಯುಟಿಯವರು ನನಗೆ ಓದಿ ಹೇಳಿದರು. "ಮಲಗು ಮುದುಕ, ಮಲಗು. ನಿನ್ನ ಬಂದೂಕು ನಂಗೆ, ನಿನ್ನ ಟ್ರಕ್ಕೂ ನಂಗೆ" ಎಂದದ್ದು ನಿಜ. "ನೀನು ಸತ್ರೆ ನಾಳೇನೇ ಈ ಕಣಿವೆಲಿ ಒಂದ್ ಮರ ಬಿಡದೆ ಮುಳ್ಳು ಹಾಕ್ತೀನಿ" ಎಂದದ್ದೂ ನಿಜ. "ಆ ಜಿಂಕೆ ತಲೆ ನನ್ನ ಗೋಡೆಗೆ ಹಾಕಿ, ಕೆಳಗೆ ನಿನ್ನ ಟೋಪಿ ನೇತಾಕ್ತೀನಿ" ಎಂದದ್ದೂ ನಿಜ. ಅದಕ್ಕೆ ಭಾವ ಕೊಟ್ಟ ಉತ್ತರಗಳು ಆಚೆ ಬದಿಗೆ ಕೇಳಿಸಿರಲಿಕ್ಕಿಲ್ಲ, ಅವರಿಗೆ ಕೂಗುವ ಶಕ್ತಿ ಇರಲಿಲ್ಲ. ಅವರು ಮೆಲ್ಲಗೆ ಬೈಯುತ್ತಿದ್ದರು. ಒಂದು ಬೈಗುಳಕ್ಕೆ ಒಂದು ಪಟ್ಟಿ ಬಿಚ್ಚುತ್ತಿದ್ದರು. ಕೊನೆಯ ಪಟ್ಟಿಗೆ ನನ್ನ ಹತ್ತಿರ ಬೈಗುಳ ಖಾಲಿಯಾಗಿತ್ತು. "ಅಷ್ಟು ವರ್ಷ ಬಸ್ಸು ಓಡಿಸಿದ್ಯಲ್ಲ, ಒಂದು ಮಗುನಾದ್ರೂ ನಿನ್ನ ಇಷ್ಟಪಟ್ಟಿತ್ತಾ?" ಎಂದು ಕೇಳಿಬಿಟ್ಟೆ. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಬೈಯಲಿಲ್ಲ. ಪಟ್ಟಿ ಬಿಚ್ಚಿ, ಮುಳ್ಳನ್ನು ಹಗ್ಗಕ್ಕೆ ಕಟ್ಟಿದರು.

ಎರಡೂ ಮುಳ್ಳು ಮೇಲೆಳೆದುಕೊಂಡು, ಕಟ್ಟಿಕೊಂಡು ಇಳಿದೆ. ಬೆಲ್ಟು ಇಲ್ಲದೆ ಪ್ಯಾಂಟು ಜಾರಿ ಮಂಡಿಗೆ ಬಂದಿತ್ತು. ಹಾಗೇ ಇಳಿದೆ. ಬೇರೆ ದಿನವಾಗಿದ್ದರೆ ಭಾವ ಇದನ್ನು ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದರು. ಅವರ ಕಣ್ಣು ಮುಚ್ಚಿತ್ತು.

ಜಿಂಕೆ ಎಳೆಯಲೆಂದು ತಂದಿದ್ದ ಪ್ಲಾಸ್ಟಿಕ್ ಜಾರುಬಂಡಿಯ ಮೇಲೆ ಅವರನ್ನು ಮಲಗಿಸಿ, ನನ್ನ ಕೋಟು ಹೊದಿಸಿ ಎಳೆದೆ. ಟ್ರಕ್ಕಿಗೆ ಮುಕ್ಕಾಲು ಮೈಲಿ, ಅರ್ಧ ಏರು. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ. ತೊರೆ ದಾಟುವವರೆಗೆ ಅವರು ಏನೋ ಗೊಣಗುತ್ತಿದ್ದರು. ದಾಟಿದ ಮೇಲೆ ಗೊಣಗಲಿಲ್ಲ. ಆಮೇಲೆ ನಾನು ಬೈದೆನೋ ಇಲ್ಲವೋ ನೆನಪಿಲ್ಲ. ಅವರನ್ನು ಟ್ರಕ್ಕಿಗೆ ಹಾಕಿಕೊಂಡು ಹೊರಟೆ, ಮುಖ್ಯರಸ್ತೆಯ ಚರ್ಚಿನ ಹತ್ತಿರ ಸಿಗ್ನಲ್ ಸಿಕ್ಕಿತು. ಒಂಬತ್ತೂ ನಲವತ್ತಕ್ಕೆ ಫೋನು ಮಾಡಿದೆ. ಆಂಬುಲೆನ್ಸಿನವರು ಬಂದು ನನ್ನ ಟ್ರಕ್ಕಿನಿಂದಲೇ ಅವರನ್ನು ಎತ್ತಿಕೊಂಡರು.

ಹೈವ್ಲಿಯವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮತ್ತು ಭಾವನ ಜಗಳ ಊರಿಗೇ ಗೊತ್ತಿರುವುದರಿಂದ ಅವರು ಎದ್ದು ಬಂದಿಲ್ಲ. ಜಿಂಕೆ ಇನ್ನೂ ಪೊದೆಯ ಹಿಂದೆಯೇ ಬಿದ್ದಿದೆ. ಅಷ್ಟು ದೂರದಿಂದ ಅಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡವರು, ನರಿಯಂಥ ಕಯೋಟಿಗಳು ಮುಟ್ಟುವ ಮೊದಲು ಅದನ್ನು ಎಳೆದು ತಂದರೆ ಉಪಕಾರವಾಗುತ್ತದೆ ಎಂದು ಅವರಿಗೆ ತಿಳಿಸಬೇಕಾಗಿ ಕೋರಿಕೆ.

ಇಷ್ಟು ಬರೆಸುವಾಗ ಸಂಜೆ ನಾಲ್ಕು ಗಂಟೆಗೆ ನನ್ನ ಹೆಂಡತಿ ರೀವಾ ಒಳಗಿನಿಂದ ಬಂದಳು. ಬೆಳಗ್ಗಿನಿಂದ ಅವಳು ನನ್ನ ಜೊತೆ ಮಾತಾಡಿರಲಿಲ್ಲ. ಅವಳಣ್ಣ ಕಣ್ಣು ಬಿಟ್ಟಿದ್ದಾರೆ, ಕಾಲು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ ಎಂದಳು. ಏನಾದರೂ ಮಾತಾಡಿದರಾ ಎಂದು ಡೆಪ್ಯುಟಿಯವರು ಅವಳನ್ನು ಕೇಳಿದರು. ಅವಳು ನನ್ನ ಕಡೆ ತಿರುಗಿ, "ಒಂದೇ ಮಾತು ಅಂದ. 'ಅವನಿಗೆ ಹೇಳು, ಮೇಲಿಂದ ಕಾಣ್ತದೆ' ಅಂದ. ಏನ್ರೀ ಅದು? ಏನು ಕಾಣ್ತದೆ?" ಎಂದಳು.

ಪೊದೆಯ ಹಿಂದಿದ್ದ ಜಿಂಕೆ ಎಂದು ನಾನು ಹೇಳಿದೆ. ಡೆಪ್ಯುಟಿಯವರು ಪೆನ್ನು ಕೆಳಗಿಟ್ಟು ಹೊರಗೆ ಹೋಗಿ ನನಗೆ ನೀರು ತಂದುಕೊಟ್ಟರು. ಹೇಳಿಕೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು.

ಮತ್ತೆ ಶುರುಮಾಡಿದಾಗ, ಇನ್ನೇನಾದರೂ ಸೇರಿಸುವುದಿದೆಯೇ ಎಂದು ಕೇಳಿದರು. ಬಸ್ಸಿನ ಮಕ್ಕಳ ಬಗ್ಗೆ ನಾನು ಆಡಿದ ಮಾತು ಸುಳ್ಳು, ಅದು ಸುಳ್ಳೆಂದು ಬರೆದುಕೊಳ್ಳಿ ಎಂದು ಕೇಳಿಕೊಂಡೆ. ನನ್ನ ಮಗಳೂ ಅದೇ ಬಸ್ಸಿನಲ್ಲಿ ಹೋಗಿ ಬಂದವಳು.

ಬರೆದದ್ದನ್ನು ಡೆಪ್ಯುಟಿ ಕೋಗರ್ ಅವರು ನನಗೆ ಮೊದಲಿನಿಂದ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ. ತಮಾಷೆ ಇರುವ ಕಡೆ ತಮಾಷೆ, ಉಳಿದ ಕಡೆ ನಿಜ. ಯಾರ ಒತ್ತಾಯಕ್ಕೂ ಹೇಳಿದ್ದಲ್ಲವೆಂದು ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ಕೌಂಟಿ ಆಸ್ಪತ್ರೆ, ಬರ್ಡೆಟ್
ದಿನಾಂಕ: 21 ನವೆಂಬರ್ 2016
ಸಹಿ: ಡೆನ್ವರ್ ಹೆಚ್. ರೆಕ್ಸ್‌ರೋಡ್