ವನಜತ್ತಿಗೆ ಹೆರೆಯದೆ ಬಿಟ್ಟ ಹೆಸರು

ಲೈಟು ಆರಿಸಬೇಡ, ಇರಲಿ. ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ ಸಿದ್ದರಾಜಣ್ಣನಿಗೇ ಆಗಿದ್ದು.

ಚಿಕ್ಕರಸಿನಕೆರೆಯಲ್ಲಿ ಅವನದು ಬೋರ್ಡಿನ ಅಂಗಡಿ. ಕಂಪ್ಯೂಟರಿನಿಂದ ಓಡೋ ಸಿ.ಎನ್.ಸಿ. ಮಿಷನ್ನಿನಲ್ಲಿ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಶೀಟು ಕೊರೆದು ಅಕ್ಷರ ಮಾಡಿಕೊಡ್ತಾನೆ. ಅವತ್ತು ರಾತ್ರಿ ಅಂಗಡಿ ಮುಚ್ಚಿ ಮನೆಗೆ ನಡೆದು ಬರ್ತಿದ್ದ. ಹಾಳುಬಾವಿ ಹತ್ತಿರ ಬಂದಿದ್ದಾನೆ... ಹಿಂದೆ ಅಂಗಡಿ ಕಡೆಯಿಂದ ಸದ್ದು.

ಸರ್ರ್... ಸರ್ರ್... ಟಕ್.

ಇಲಿ ಅಲ್ಲ. ಗರಗಸದ ಬ್ಲೇಡಿನ ಬೆನ್ನಲ್ಲಿ ಪ್ಲಾಸ್ಟಿಕ್ಕಿನ ಅಂಚು ಹೆರೆಯೋ ಸದ್ದು. ಹೆರೆದು ಬ್ಲೇಡು ಮೇಜಿನ ಮೇಲಿಟ್ಟರೆ ಟಕ್. ಅವನ ಹೆಂಡತಿ ವನಜತ್ತಿಗೆ ದಿನಾ ಮಾಡ್ತಿದ್ದ ಕೆಲಸ ಅದು. ಅತ್ತಿಗೆ ಜ್ವರದಲ್ಲಿ ತೀರಿಕೊಂಡು ಆಗಲೇ ಎಷ್ಟೋ ತಿಂಗಳಾಗಿತ್ತು.

ಮಿಷನ್ನು ತೀರ ನಿಧಾನಕ್ಕೆ ಓಡಿದರೆ ಕೊರೆಯೋ ಬಿಟ್ ಕಾದು, ಅಂಚು ಕರಗಿ ಗಂಟುಗಂಟಾಗಿ ಅಂಟಿಕೊಳ್ಳುತ್ತೆ. ಅವಸರ ಮಾಡಿದರೆ ಚೂರು ಹಾರುತ್ತೆ. ಅತ್ತಿಗೆ ಎರಡು ಸುತ್ತು ಓಡಿಸೋಳು. ಮೊದಲನೇದು ಗೆರೆಯಿಂದ ಕೂದಲೆಳೆ ಆಚೆಗೆ, ಎರಡನೇದು ಗೆರೆ ಮೇಲೆ, ಬರೀ ಸವರಿದ ಹಾಗೆ. ಆಮೇಲೆ ಬ್ಲೇಡಲ್ಲಿ ಹೆರೆದು ಹೆಬ್ಬೆರಳು ಆಡಿಸಿ ನೋಡೋಳು. ಚುಚ್ಚಿದರೆ ಗಿರಾಕಿಗೆ ಕೊಡ್ತಿರಲಿಲ್ಲ. ನಮ್ಮಣ್ಣ ಸೋಮಾರಿ, ಒಂದೇ ಸುತ್ತಿಗೆ ಕೊಯ್ದು ಕೈತೊಳಕೊಳ್ಳೋನು.

ವಾಪಸ್ ಹೋದ. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಶಟರ್ ಎತ್ತಿದ... ಯಾರೂ ಇಲ್ಲ. ಅವನು ಕೆಡಿಸಿಟ್ಟಿದ್ದ ಅಕ್ಷರಗಳ ಅಂಚೆಲ್ಲ ನುಣ್ಣಗಾಗಿತ್ತು. ಬಿಳೀ ಹೊಟ್ಟು ಗುಡಿಸಿ ಮೂಲೆಗೆ ಹಾಕಿತ್ತು, ಅತ್ತಿಗೆ ಹಾಕ್ತಿದ್ದ ಮೂಲೆಗೇ.

ಹೆದರಿ ಓಡಿದ ಅಂದುಕೊಂಡೆಯಾ? ಮಾರನೇ ದಿನದಿಂದ ಬೇಕಂತಲೇ ಮಿಷನ್ನು ನಿಧಾನ ಮಾಡಿ ಅಂಚು ಕೆಡಿಸೋಕೆ ಶುರು ಮಾಡಿದ. ದಿನಾ ರಾತ್ರಿ ಬಾವಿಕಟ್ಟೆ ಮೇಲೆ ಕೂತು ಕಾಯೋನು. ತಲೆ ಕೆಟ್ಟಿದೆಯಾ ನಿಂಗೆ ಅಂತ ನಾನು ಬೈದೆ. ಅವನು ಮೆಲ್ಲಗೆ ಹೇಳಿದ:

"ಚೆನ್ನಾಗ್ ಕೊಯ್ದ್ರೆ ಅವ್ಳು ಬರಾಕಿಲ್ಲ ಕಣ್ಲಾ."

 

ವರ್ಷದ ತಿಥಿ ಹತ್ತಿರ ಬಂತು. ಅವನ ಅವ್ವ, ನಮ್ಮ ಬೆಳ್ಳಮ್ಮ ದೊಡ್ಡಮ್ಮನಿಗೂ ಆ ಸದ್ದು ಕೇಳಿತ್ತು. ಮಗನ ಕೈ ಹಿಡಕೊಂಡು ಹೇಳಿದಳು, "ಸಮಾದಿಗೆ ಅವ್ಳ ಎಸ್ರು ಆಕ್ಬುಡು ಮಗ. ಅವ್ಳೂ ಓಗ್ಲಿ, ನೀನೂ ಬದ್ಕು."

ಹೂಂ ಅಂದ. ಆದರೆ ಏನು ಮಾಡಿದ ಗೊತ್ತಾ? ಮೇಲೆ ವನಜಾ, ಕೆಳಗೆ ಊರ ಹೆಸರು, ಎರಡನ್ನೂ ನಿಧಾನಕ್ಕೆ ಒಂದೇ ಸುತ್ತಲ್ಲಿ ಕೊಯ್ದು, ಕರಗಿಸಿ, ಮೇಜಿನ ಮೇಲೆ ಬಿಟ್ಟು ಬಂದ. ಅವಳ ಹೆಸರನ್ನ ಅವಳೇ ಹೆರೆಯಲಿ ಅಂತ. ಇನ್ನೊಂದು ಸಲ ಬರಲಿ ಅನ್ನೋ ಆಸೆ, ಇನ್ನೇನು.

ಆ ರಾತ್ರಿ ಶಟರ್ ಹೊರಗೆ ಅವನ ಜೊತೆ ನಾನೂ ಇದ್ದೆ.

ಸರ್ರ್... ಸರ್ರ್... ಬಹಳ ಹೊತ್ತು. ಆಮೇಲೆ ಟಕ್.

ಅಣ್ಣ ಶಟರಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ, "ವನಜಾ... ಆಯ್ತಾ?"

ಒಳಗೆ ಪೊರಕೆ ಸದ್ದು. ಪರ್... ಪರ್... ಕೆಲಸ ಮುಗಿಸಿ ಗುಡಿಸೋ ಹಾಗೆ. ಅಷ್ಟೇ.

ಶಟರ್ ಎತ್ತಿದೆವು. ಊರ ಹೆಸರು ನುಣ್ಣಗಿತ್ತು. ವನಜಾ ಅನ್ನೋದನ್ನ ಮುಟ್ಟೇ ಇರಲಿಲ್ಲ. ಅದೇ ಗಂಟು, ಅದೇ ಒರಟು.

ಆವತ್ತಿಂದ ಆ ಸದ್ದಿಲ್ಲ. ಅವನು ಈಗಲೂ ಅಂಚು ಕೆಡಿಸ್ತಾನೆ, ಬಾವಿಕಟ್ಟೆ ಮೇಲೆ ಕೂತು ಕಿವಿಗೊಡ್ತಾನೆ. ಗಿರಾಕಿಗಳೆಲ್ಲ ಮದ್ದೂರಿಗೆ ಹೋದರು. ದೊಡ್ಡಮ್ಮನೂ ಹೇಳೋದು ಬಿಟ್ಟಳು. ಆ ಹೆಸರನ್ನ ಇನ್ನೊಬ್ಬರು ಹೆರೆಯೋಕೆ ಅವನು ಬಿಡಲಿಲ್ಲ, ಹಾಗೇ ಸಮಾಧಿಗೆ ಅಂಟಿಸಿದ. ಹಗಲಲ್ಲಿ ಹೋಗಿ ಬೆರಳಾಡಿಸಿ ನೋಡು, ಚುಚ್ಚುತ್ತೆ.

ನಂಬೋದು ಬಿಡೋದು ನಿನಗೆ ಬಿಟ್ಟಿದ್ದು. ಬ್ಲೇಡು ಮೇಜಿನ ಮೇಲಿಟ್ಟ ಟಕ್ ಅನ್ನೋ ಸದ್ದು ನನ್ನ ಈ ಕಿವಿಯಲ್ಲೇ ಕೇಳಿದ್ದೀನಿ. ಆ ರಾತ್ರಿ ಒಳಗೆ ಹೋಗಿ ಮೇಜು, ಮೂಲೆ, ಮಿಷನ್ನಿನ ಕೆಳಗೆ ಎಲ್ಲ ಹುಡುಕಿದೆವು... ಅತ್ತಿಗೆ ದಿನಾ ಹಿಡೀತಿದ್ದ ಆ ಬ್ಲೇಡು ಇರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.