ತುದಿಯ ಹಣ್ಣು

ಉಗೀರಿ, ಉಗೀರಿ ಅಳಿಯಂದಿರೇ! ಹುಳಿ ಅಲ್ವಾ? ಅದನ್ನೇ ನಾನು ಹೇಳಿದ್ದು. ಕಪ್ಪಗಾದ ಮಾತ್ರಕ್ಕೆ ದ್ರಾಕ್ಷಿ ಹಣ್ಣಾಗಲ್ಲ. ಬಣ್ಣ ಮೊದಲು ಬರುತ್ತೆ. ಸಿಹಿ ಆಮೇಲೆ, ನಿಧಾನಕ್ಕೆ. ಗೌರಿಬಿದನೂರು ಸ್ಟೇಷನ್ನಲ್ಲಿ ಟಿಕೆಟ್ ಕೊಡೋರಿಗೆ ಇದೆಲ್ಲ ಯಾಕೆ ಗೊತ್ತಿರಬೇಕು ಬಿಡಿ. ಹಸಿರು ಬಾವುಟ ತೋರಿಸಿದ್ರೆ ನಿಮ್ಮ ರೈಲು ಹೊರಡುತ್ತೆ. ಹಣ್ಣಿಗೆ ಬಾವುಟ ಕಾಣಲ್ಲ.

ಮೇಲಿನ ಹಣ್ಣು ತಿಂದು ಸಿಹಿ ಅಂದ್ರೆ ಆಯ್ತಾ? ಅದು ಮೊದಲು ಮಾಗುತ್ತೆ. ಗೊಂಚಲ ತುದೀಲಿ ನೇತಾಡ್ತಾ ಇರುತ್ತಲ್ಲ, ಅದನ್ನ ಬಾಯಿಗೆ ಹಾಕ್ಕೋಬೇಕು. ತುದಿ ಸಿಹಿಯಾದ್ರೆ ಗೊಂಚಲೆಲ್ಲ ಸಿಹಿ. ಬೆಂಗಳೂರಿನ ಚರ್ಚಿನೋರು ವೈನ್ ಮಾಡೋಕೆ ಒಯ್ಯೋ ಹಣ್ಣು ಇದು. ಹುಳಿ ಕೊಟ್ರೆ ಪಾದ್ರಿ ದೇವರ ಎದುರಿಗೇ ಮುಖ ಸಿಂಡರಿಸಬೇಕಾಗುತ್ತೆ... ನಗ್ತೀರಾ? ನಗಿ. ನಮ್ಮ ಕಳವಾರದ ನಲ್ಲಪ್ಪ ಹೋದ ವರ್ಷ ಬಣ್ಣ ನೋಡಿ ಕೊಯ್ದ. ತುಂಬಿದ ಗಾಡಿ ಹಾಗೇ ವಾಪಸ್ ಬಂತು. ಅವನ ಎಮ್ಮೇನೂ ಮೂಸಲಿಲ್ಲ.

ಹೌದಪ್ಪಾ, ಮಾತು ಕೊಟ್ಟಿದ್ದೀನಿ. ಬಾಣಂತನ ಮುಗಿದಿದೆ, ಕೊಯ್ಲಾದ ದಿನ ಮಗಳನ್ನೂ ಮಗೂನೂ ಹೊಸ ಹಣ್ಣಿನ ಬುಟ್ಟಿ ಸಮೇತ ಕಳಿಸ್ತೀನಿ ಅಂತ. ಇಲ್ಲ ಅಂದ್ನಾ? ಬರಿಗೈಲಿ ಕಳಿಸಿದ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡ್ತಾರಾ? ಹೋದ ಭಾನುವಾರ ಬಂದ್ರಿ, ಇವತ್ತೂ ಬಂದ್ರಿ, ಬರೋ ಭಾನುವಾರಾನೂ ಬನ್ನಿ. ಬಸ್ಸಿದೆಯಲ್ಲ!

ಮಗೂನ ಕೊಡಬೇಕಾ? ನಿದ್ದೆ ಮಾಡ್ತಿದೆ, ನೋಡಿ. ನನ್ನ ಹೆಗಲ ಮೇಲೇ ಇರ್ಲಿ.

ಏನು, ಗಿಣೀನಾ? ಹೂಂ, ಬಂದಿವೆ. ಬೆಳಗ್ಗೆಯಿಂದ ತಗಡು ಬಡಿದು ಓಡಿಸ್ತಾನೇ ಇದ್ದೀನಿ. ಗಿಣಿಗೇನ್ರೀ ಗೊತ್ತು? ಬೇವಿನ ಹಣ್ಣೂ ತಿಂತವೆ.

ಎಲ್ಲಿಗೆ ಹೊರಟ್ರಿ? ಚಪ್ಪರದ ನಡುವೆ ಯಾಕೆ? ಈಗ ತಾನೆ ನೀರು ಕಟ್ಟಿದ್ದೀನಿ, ಕೆಸರಿದೆ... ನಿಮ್ಮ ಟೆರಿಲಿನ್ ಷರ್ಟು! ಬನ್ನಿ, ಈ ಮೂಲೆ ಬಳ್ಳೀದೇ ಇನ್ನೊಂದು ತಿನ್ನಿ. ಇದು ಆಗಿಲ್ಲ ಅಂದ್ರೆ ತೋಟದಲ್ಲಿ ಯಾವುದೂ ಆಗಿಲ್ಲ... ಹೌದು, ಇದರ ಮೇಲೆ ಹುಣಸೆಮರ ಇದೆ. ಬಿಸಿಲು ಬೀಳಲ್ಲ. ಅದಕ್ಕೇನೀಗ?

ಅದು ಬೇಡ. ಆ ಗೊಂಚಲು ಬೇಡ ಅಂದೆ... ತುದೀದನ್ನೇ ಕಿತ್ರಾ!

ಹೂಂ. ಉಗೀರಿ.

ಉಗೀರಿ ಅಂದೆ... ನುಂಗಿಬಿಟ್ರಾ? ಹುಳಿ ಅನ್ನಿ. ಒಂದು ಮಾತು ಹುಳಿ ಅನ್ನಿ ಅಳಿಯಂದಿರೇ, ನಿಮ್ಮ ಗಂಟೇನು ಹೋಗುತ್ತೆ? ಇನ್ನೊಂದಕ್ಕೂ ಕೈ ಹಾಕಿದ್ರಾ? ನನ್ನನ್ನೇನು ನೋಡ್ತೀರಾ?

...

ರತ್ನಾ! ಟ್ರಂಕಿಗೆ ಬಟ್ಟೆ ತುಂಬಮ್ಮ.

ತಗೊಳ್ಳಿ, ಮಗೂನ ಹಿಡ್ಕೊಳ್ಳಿ. ಹಾಗಲ್ಲ, ಕತ್ತಿನ ಕೆಳಗೆ ಕೈ ಕೊಡಿ... ಬಿಡು ಕಣಪ್ಪಾ, ತಾತನ ಟವಲು ಬಿಡು.

ನಾನು ಬುಟ್ಟಿ ತರ್ತೀನಿ.